ಒಕ್ಕಣ್ಣಿನ ಮೊಸರು ಕೆಂಪು ಚುಕ್ಕೆಗೆ ಹೊರಟದ್ದು

ನಮ್ಮೂರಿಗೆ ಒಂದು ಕಟ್ಟಳೆ. ಯಾರೇ ಎಲ್ಲಿಗೇ ಹೋಗಲಿ, ಹೋಗುವ ಜಾಗವನ್ನು ಮೊದಲು ಇಲ್ಲಿ ಮಾಡಬೇಕು. ಅದರಲ್ಲಿ ಬದುಕಿ ತೋರಿಸಬೇಕು. ಆಮೇಲೆ ಹೋಗಬೇಕು.

ಅದಕ್ಕೆ ಊರ ನಡುವೆ ಒಂದು ಕೋಣೆ ಇದೆ. ಒಂದೇ ಬಾಗಿಲು. ಕಿಟಕಿ ಇಲ್ಲ. ಹೆಸರೂ ಇಲ್ಲ. ಕೋಣೆ ಅಂದರೆ ಅದೇ.

ಸಮುದ್ರದ ಕಡೆ ಹೋಗುವವನೊಬ್ಬ ಇದ್ದ. ಕೋಣೆಗೆ ಉಪ್ಪುನೀರು ತುಂಬಿದರು. ಮೀನು ಬಿಟ್ಟರು. ಅವನನ್ನು ಒಳಗೆ ಕೂರಿಸಿದರು. ಮೀನು ಕಾಲು ಕಚ್ಚಿತು. ಅವನು ನಕ್ಕ. "ಹೋಗಬಹುದು" ಅಂದರು. ಹೋದ.

ಮದುವೆಯಾದ ಹುಡುಗಿ ಒಬ್ಬಳಿದ್ದಳು. ಕೋಣೆಯೊಳಗೆ ಅವಳ ಗಂಡನ ಮನೆ ಕಟ್ಟಿದರು. ಅತ್ತೆ ಬೇಕಿತ್ತು. ಡಂಗುರದವನಿಗೆ ಸೀರೆ ಉಡಿಸಿ ಮೂಲೆಯಲ್ಲಿ ಕೂರಿಸಿದರು. ಅವನು ಕೆಮ್ಮಿದ. ಸಾರಿಗೆ ಉಪ್ಪು ಸಾಲದು ಅಂದ. ಹುಡುಗಿ ಸೌಟು ಬೀಸಿದಳು. "ಹೋಗಬಹುದು" ಅಂದರು. ಹೋದಳು. ಡಂಗುರದವನ ಹಣೆ ಮೇಲೆ ಆ ಗುರುತು ಈಗಲೂ ಇದೆ.

ಕಟ್ಟಳೆಗೆ ಒಂದು ಬಾಲವೂ ಇದೆ. ಹೋಗುವವರು ಪೂರ್ತಿ ಹೋಗಬೇಕು. ಅರ್ಧ ಇಲ್ಲಿ, ಅರ್ಧ ಅಲ್ಲಿ ಇರಬಾರದು. ಒಬ್ಬ ಕೊಡೆ ಮರೆತು ಹೋಗಿದ್ದ. ಅವನ ಹಿಂದೆ ಓಡಿದರು. ಹಿಡಿದು ತಂದರು. ಕೊಡೆ ಕೈಗೆ ಕೊಟ್ಟರು. ಮತ್ತೆ ಕಳಿಸಿದರು. ಕೊಡೆಯನ್ನೇ ಒಯ್ದು ಕೊಡಬಹುದಿತ್ತಲ್ಲ ಅಂತ ಯಾರಿಗೂ ಹೊಳೆಯಲಿಲ್ಲ.

ಹೀಗಿರುವಾಗ ನನ್ನ ಹೆಂಡತಿ ಹೋದಳು.

ಪರೀಕ್ಷೆ ಇಲ್ಲದೆ ಹೋದಳು. ಬೆಳಿಗ್ಗೆ ಇದ್ದಳು. ಮಧ್ಯಾಹ್ನ ಇರಲಿಲ್ಲ.

ಯಜಮಾನರು ಬಂದರು. ಊರಿಗೆಲ್ಲ ಯಜಮಾನರು ಅವರೇ. ದೊಡ್ಡ ಗಡ್ಡ. ಗಡ್ಡಕ್ಕೆ ಎಣ್ಣೆ ಹಚ್ಚುತ್ತಾರೆ.

"ಏನಯ್ಯಾ, ನಿನ್ನ ಹೆಂಡ್ತಿ ಹಿಂಗಾ ಮಾಡೋದು?"

"ಮಾಡಬಾರದಿತ್ತು ಯಜಮಾನ್ರೆ."

"ಎಲ್ಲಿಗೆ ಹೋದ್ಲು ಹೇಳು. ಈಗ್ಲಾದ್ರೂ ಕೋಣೇಲಿ ಆ ಜಾಗ ಮಾಡ್ಸೋಣ. ತಡ ಆದ್ರೂ ಚಿಂತೆ ಇಲ್ಲ."

"ಗೊತ್ತಿಲ್ಲ."

"ಅಲ್ಲಿ ಗಾಳಿ ಇದ್ಯೋ?"

"ಗೊತ್ತಿಲ್ಲ."

"ನೀರು?"

"ಗೊತ್ತಿಲ್ಲ ಯಜಮಾನ್ರೆ."

"ನೀನೆಂಥಾ ಗಂಡನಯ್ಯಾ! ಹೋಗುವಾಗ ಒಂದು ಮಾತು ಕೇಳೋದಲ್ವಾ?"

ಕೇಳಬೇಕಿತ್ತು. ಆಗ ಅವಳ ಕೈ ಹಿಡಿದು ಕೂತಿದ್ದೆ.

ಹೋದವರು ಪೂರ್ತಿ ಹೋಗಬೇಕಲ್ಲ. ಅವಳ ಸಾಮಾನು ಎತ್ತಿಕೊಂಡರು. ಸೀರೆ ಒಯ್ದರು. ಬಾಚಣಿಗೆ ಒಯ್ದರು. ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲನ್ನೂ ಒಯ್ದರು. ಬಾಗಿಲಲ್ಲಿದ್ದ ಚಪ್ಪಲಿ ಒಯ್ದರು. ಎಲ್ಲ ಗಂಟು ಕಟ್ಟಿ ಊರಬಾಗಿಲಿನ ಚಾವಡಿಯಲ್ಲಿ ಇಟ್ಟರು. ವಿಳಾಸ ಗೊತ್ತಾದ ದಿನ ಕಳಿಸುತ್ತೇವೆ ಅಂದರು.

ಒಂದನ್ನು ಮಾತ್ರ ಒಯ್ಯಲಿಲ್ಲ. ಯಾರಿಗೂ ನೆನಪಾಗಲಿಲ್ಲ. ಅಡಿಗೆಮನೆಯ ಕುಡಿಕೆಯಲ್ಲಿ ಅವಳ ಹೆಪ್ಪು ಇತ್ತು.

ನಮ್ಮವಳ ಮೊಸರು ಊರಿಗೇ ಹೆಸರಾದ ಮೊಸರು. ಅಂಥ ಹುಳಿ ಇನ್ನೆಲ್ಲೂ ಇಲ್ಲ. ಬಾಯಿಗಿಟ್ಟರೆ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಒಕ್ಕಣ್ಣಿನ ಮೊಸರು ಅಂತಲೇ ಕರೆಯುತ್ತಿದ್ದರು. ನಾನು ಮದುವೆಯಾದಾಗಿನಿಂದ ಒಂದು ಕಣ್ಣು ಮುಚ್ಚಿಯೇ ಉಂಡವನು. ನನಗೆ ಅಡಿಗೆ ಬರುವುದಿಲ್ಲ. ಅವಳು ಮಾಡುವುದನ್ನು ನೋಡಿದ್ದೆ ಅಷ್ಟೆ.

ದಿನವೂ ಸಂಜೆಯಾಗುತ್ತಿತ್ತು. ಹಾಲು ಕಾಯಿಸುತ್ತಿದ್ದೆ. ಆರಿಸುತ್ತಿದ್ದೆ. ಕಿರುಬೆರಳು ಅದ್ದಿ ನೋಡುತ್ತಿದ್ದೆ. ಹೆಪ್ಪು ಹಾಕುತ್ತಿದ್ದೆ. ಮುಚ್ಚುತ್ತಿದ್ದೆ.

ಬೆಳಿಗ್ಗೆ ಮುಚ್ಚಳ ತೆಗೆದರೆ ಗಟ್ಟಿಯಾಗಿ ಕೂತಿರುತ್ತಿತ್ತು. ಅವಳು ಬೆರಳಾಡಿಸಿದ ಮೊಸರಿನ ಮಗಳ ಮಗಳ ಮಗಳು. ಒಂದು ಕಣ್ಣು ಮುಚ್ಚಿ ಉಣ್ಣುತ್ತಿದ್ದೆ. ಇನ್ನೊಂದು ಕಣ್ಣಲ್ಲಿ ನೀರು ಬರುತ್ತಿತ್ತು. ಹುಳಿಗೆ ಬರುತ್ತದೆ. ಬೇರೆಯದಕ್ಕೂ ಬರುತ್ತದೆ.

ಊರಲ್ಲಿ ಮೇಲೆ ನೋಡುವಾತ ಒಬ್ಬನಿದ್ದಾನೆ. ಅವನ ಕೆಲಸ ಮೇಲೆ ನೋಡುವುದು. ಹಾಗಾಗಿ ಆಗಾಗ ಚರಂಡಿಗೆ ಬೀಳುತ್ತಾನೆ. ಒಂದು ಸಂಜೆ ಚರಂಡಿಯಿಂದಲೇ ಕೂಗಿದ.

"ಆ ಕೆಂಪು ಚುಕ್ಕೆ ಇದ್ಯಲ್ಲಾ, ಅದು ಚುಕ್ಕೆ ಅಲ್ಲ. ಅದೊಂದು ಊರು. ಖಾಲಿ ಊರು!"

ಖಾಲಿ ಊರು ಅಂದ ಕೂಡಲೇ ನಮ್ಮವರಿಗೆ ಅಂಗಾಲು ತುರಿಸಿತು. ಯಾರನ್ನಾದರೂ ಕಳಿಸಲೇಬೇಕು ಅಂದರು.

"ಅಲ್ಲಿ ಹೆಂಗಿದೆ?" ಯಜಮಾನರು ಕೇಳಿದರು.

"ಗಾಳಿ ಇಲ್ಲ. ನೀರಿಲ್ಲ. ಚಳಿ ಕೊರೀತದೆ. ಬೆಳಕು ಸುಡ್ತದೆ. ಎಲ್ಲಿ ನೋಡಿದ್ರೂ ಕೆಂಪು ಧೂಳು."

"ಮಿಕ್ಕಿದ್ದೆಲ್ಲ ಚೆನ್ನಾಗಿದ್ಯಾ?"

"ಮಿಕ್ಕಿದ್ದು ಏನೂ ಇಲ್ಲ."

ಕೋಣೆಯಲ್ಲಿ ಕೆಂಪು ಚುಕ್ಕೆ ಕಟ್ಟಿದರು. ಇಟ್ಟಿಗೆ ಪುಡಿ ಮಾಡಿ ನೆಲಕ್ಕೆ ಹರಡಿದರು. ಐಸಿನ ಗಡ್ಡೆ ತಂದು ಗೋಡೆಗೆ ಒರಗಿಸಿದರು. ಸುಡುವ ಬೆಳಕಿಗೆ ದೊಡ್ಡ ದೀಪ, ಅದರ ಮುಂದೆ ನೇರಳೆ ಗಾಜು. ಗಾಳಿ ಎಳೆಯುವುದಕ್ಕೆ ಕುಲುಮೆಯ ತಿದಿಯವನು ಬಂದ. ತನ್ನ ತಿದಿಯನ್ನು ಹಿಂದುಮುಂದು ಮಾಡಿ ಬಾಗಿಲ ಸಂದಿಗೆ ಇಟ್ಟ. ಎಳೆದ ಗಾಳಿಯನ್ನು ಪೋಲು ಮಾಡಲಿಲ್ಲ. ದೊಡ್ಡ ತೊಗಲಚೀಲಕ್ಕೆ ತುಂಬಿ ಬಾಯಿ ಕಟ್ಟಿಟ್ಟ.

ಮೊದಲು ಪೈಲ್ವಾನನನ್ನು ಬಿಟ್ಟರು. ತೊಡೆ ತಟ್ಟಿಕೊಂಡು ಒಳಗೆ ಹೋದ. ತಿದಿ ಒಂದು ಸಲ ಎಳೆಯುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಹೊರಗೆ ಬಂದ. "ಅವ್ವಾ" ಅಂದ. ಆಮೇಲೆ ಹುಂಜವನ್ನು ಬಿಟ್ಟರು. ಅದು ಹೊಸ್ತಿಲಲ್ಲೇ ತಿರುಗಿ ನಿಂತು ನಮ್ಮನ್ನೆಲ್ಲ ಒಂದು ಸಲ ನೋಡಿತು. ಅದರ ಮುಖ ನೋಡಿ ಯಜಮಾನರಿಗೇ ನಾಚಿಕೆಯಾಯಿತು.

"ದೊಡ್ಡವರಿಂದ ಆಗಲ್ಲ," ಮೇಲೆ ನೋಡುವಾತ ಅಂದ. "ಚಿಕ್ಕವರು ಬೇಕು. ಕಣ್ಣಿಗೆ ಕಾಣದಷ್ಟು ಚಿಕ್ಕವರು. ಸೂಕ್ಷ್ಮಜೀವಿ ಅಂತಾರೆ."

"ಅವರ ಮನೆ ಎಲ್ಲಿ?"

"ನಿಮ್ಮ ಮೊಸರಲ್ಲಿ. ಹಾಲು ಹೆಪ್ಪಾಗೋದು ಅವರಿಂದ. ಭಾರೀ ಗಟ್ಟಿ ಜನ."

ಊರು ಬೆರಗಾಯಿತು. ನಮ್ಮ ಮನೆಯಲ್ಲೇ ಇದ್ದು, ನಮ್ಮ ಹಾಲಲ್ಲೇ ಬೆಳೆದು, ಇಷ್ಟು ದಿನ ಒಂದು ಮಾತಾಡಲಿಲ್ಲವಲ್ಲ ಅಂದರು.

ನಮ್ಮದೊಂದು ಬಿಟ್ಟು ಮಿಕ್ಕ ಎಲ್ಲ ಮನೆಯವರೂ ತಮ್ಮ ಹೆಪ್ಪು ತಂದರು. ಪೂರ್ತಿ ತಂದರು. ಒಂದು ಹನಿ ಹಿಂದೆ ಉಳಿಸಲಿಲ್ಲ. ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕುದಿಯುವ ನೀರಲ್ಲಿ ತೊಳೆದು ಬಂದರು. ಒಂದೊಂದು ಮನೆಯದು ಒಂದೊಂದು ಕುಡಿಕೆ. "ನಮ್ಮೋರು ಗೆಲ್ತಾರೆ." "ನಿಮ್ಮೋರು ನೀರು ಕಣೇ, ನಮ್ಮೋರು ಕೆನೆ." ಹೀಗೆ ಜಗಳ.

ಬಾಗಿಲು ಹಾಕಿದರು. ತಿದಿ ಎಳೆಯಿತು. ಅಮಾವಾಸ್ಯೆ ಬಂತು. ಬಾಗಿಲು ತೆಗೆದರು.

ಪರೀಕ್ಷೆ ಮಾಡುವವಳು ಕೋಣೆಯವಳು. ಕೋಣೆ ಗುಡಿಸುವುದೂ ಅವಳೇ, ಕೋಣೆಯ ತೀರ್ಪು ಹೇಳುವುದೂ ಅವಳೇ. ಕಂಬಳಿ ಹೊದ್ದು ಒಳಗೆ ಹೋದಳು. ಕುಡಿಕೆಯಲ್ಲಿ ಇದ್ದದ್ದೆಲ್ಲ ಒಣಗಿ ಸುಣ್ಣದ ಚಕ್ಕೆ ಹಾಗೆ ಆಗಿತ್ತು. ಒಂದು ಚೂರು ಕೆರೆದಳು. ಬಟ್ಟಲ ಹಾಲಿಗೆ ಹಾಕಿದಳು. ಐಸಿನ ಪಕ್ಕ ಇಟ್ಟಳು. ಬಗ್ಗಿ ಕೇಳಿದಳು.

"ಇದ್ದೀರಾ?"

ಹಾಲು ಹಾಲಾಗಿಯೇ ಇತ್ತು.

"ಇಲ್ಲ," ಅಂದಳು. ಎಲ್ಲ ಕುಡಿಕೆಗೂ ಹಾಗೆಯೇ ಕೇಳಿದಳು. ಎಲ್ಲದಕ್ಕೂ ಇಲ್ಲ ಅಂದಳು.

ಆ ಚಳಿಯಲ್ಲಿ ಯಾವ ಹಾಲು ಹೆಪ್ಪಾಗುತ್ತದೆ ಅಂತ ನೀವು ಕೇಳಬಹುದು. ನಾವು ಕೇಳಲಿಲ್ಲ. ಕೆಂಪು ಚುಕ್ಕೆಯಲ್ಲಿ ಬದುಕಿದ್ದೀರಾ ಅನ್ನುವುದನ್ನು ಕೆಂಪು ಚುಕ್ಕೆಯಲ್ಲೇ ಕೇಳಬೇಕು ತಾನೆ? ನಮ್ಮೂರಿನ ಪದ್ಧತಿ ಅದು.

ಊರಿಗೆಲ್ಲ ಸೂತಕ. ಕುಡಿಕೆಗಳಿಗೆ ಹೂ ಹಾಕಿದರು. ಮೆರವಣಿಗೆ ಮಾಡಿದರು. ಬೇವಿನ ಮರದ ಬುಡದಲ್ಲಿ ಹೂತರು. ಡಂಗುರದವನು ಅತ್ತ. ಪೈಲ್ವಾನ "ಅವ್ವಾ" ಅಂದ.

ಅಲ್ಲಿಯವರೆಗೆ ಗೆಲ್ಲುವವರು ಯಾರು ಅನ್ನುವ ಜಗಳದಲ್ಲೇ ಉಂಡೆದ್ದಿದ್ದರು. ಮಾರನೆಯ ದಿನ ಊಟಕ್ಕೆ ಕೂತಾಗ ಗೊತ್ತಾಯಿತು. ಊರಲ್ಲಿ ಮೊಸರಿಲ್ಲ. ಸಾರನ್ನ ಉಂಡು ಕೈ ಚಾಚಿದರೆ ಮುಂದಿನದು ಇಲ್ಲ. ಊಟ ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯದು. ಎಲೆ ಮುಂದೆ ಸುಮ್ಮನೆ ಕೂತೇ ಇದ್ದರು. ಕೆಲವರು ಸಂಜೆವರೆಗೂ ಕೂತರು. ಒಬ್ಬಳು ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕಿದಳು. ಹಾಲು ಖಾರವಾಯಿತು ಅಷ್ಟೆ. ಪಕ್ಕದ ಊರಿಂದ ತರೋಣ ಅಂದರೆ, ಅಲ್ಲಿಗೆ ಹೋಗುವವನಿಗೆ ಪಕ್ಕದ ಊರನ್ನು ಕೋಣೆಯಲ್ಲಿ ಕಟ್ಟಬೇಕು. ಕೋಣೆಯಲ್ಲಿ ಕೆಂಪು ಚುಕ್ಕೆ ಕೂತಿತ್ತು.

ಆಗ ಯಜಮಾನರಿಗೆ ನೆನಪಾಯಿತು.

"ನಿನ್ನ ಮನೇದು ಬಂದಿಲ್ಲವಲ್ಲಯ್ಯಾ. ಒಕ್ಕಣ್ಣಿಂದು."

ಬಾಗಿಲಲ್ಲಿ ಊರೇ ನಿಂತಿತ್ತು. ನಾನು ಕುಡಿಕೆಗೆ ಅಡ್ಡ ನಿಂತೆ.

"ಅದು ನಮ್ಮವಳ ಕೈದು."

"ಗೊತ್ತು. ಅದಕ್ಕೇ ಕೇಳ್ತಿರೋದು. ಅಂಥಾ ಹುಳಿ ಸಾಯಲ್ಲ."

"ಸತ್ತರೆ?"

ಯಜಮಾನರು ಗಡ್ಡ ಸವರಿಕೊಂಡರು.

"ಬದುಕಿದರೆ?" ನಾನೇ ಕೇಳಿದೆ.

"ಬದುಕಿದ್ರೆ ಹೋಗಬೇಕು. ಪೂರ್ತಿ."

ಸತ್ತರೂ ಹೋಯಿತು. ಬದುಕಿದರೂ ಹೋಯಿತು. ಕೊಡುವುದಿಲ್ಲ ಅಂದೆ. ಬಾಗಿಲು ಹಾಕಿದೆ.

ಸಂಜೆಯಾಯಿತು. ಹಾಲು ಕಾಯಿಸಿದೆ. ಆರಿಸಿದೆ. ಕಿರುಬೆರಳು ಅದ್ದಿದೆ. ಬೆರಳು ಅಲ್ಲೇ ನಿಂತಿತು.

ಗಾಳಿ ಇಲ್ಲ. ನೀರಿಲ್ಲ. ಅಂಥಾ ಕಡೆ ಇವಳ ಕೈಯವರು ಇರಬಲ್ಲರೋ? ಇರಬಲ್ಲರು ಅಂತಾದರೆ... ಅಲ್ಲಿಗೇ ನನ್ನ ತಲೆ ನಿಂತಿತು. ನಾನು ಓದಿದವನಲ್ಲ. ಮುಂದಕ್ಕೆ ಹೋಗುವುದಕ್ಕೆ ಬರಲಿಲ್ಲ. ಆದರೆ ಯಜಮಾನರು ಅವತ್ತು ಕೇಳಿದ್ದು ಕಿವಿಯಲ್ಲಿತ್ತು. ಅಲ್ಲಿ ಗಾಳಿ ಇದ್ಯೋ, ನೀರು ಇದ್ಯೋ. ಗಾಳಿಯೂ ನೀರೂ ಇಲ್ಲದ ಕಡೆ ನಮ್ಮ ಮನೆಯವರು ಯಾರಾದರೂ ಇರಬಲ್ಲರು ಅಂತ ನನಗೆ ಗೊತ್ತಾಗಬೇಕಿತ್ತು. ಗೊತ್ತಾದರೆ ಸಾಕಿತ್ತು.

ಬೆಳಿಗ್ಗೆ ನಾನೇ ಕುಡಿಕೆ ಒಯ್ದು ಕೊಟ್ಟೆ. ಪೂರ್ತಿ ಕೊಟ್ಟೆ. ಮನೆಗೆ ಬಂದು ಪಾತ್ರೆಗಳನ್ನು ತಿಕ್ಕಿದೆ. ಅಡಿಗೆಮನೆಯಲ್ಲಿ ಮೊದಲ ಸಲ ಹುಳಿ ವಾಸನೆ ಇರಲಿಲ್ಲ. ಆ ವಾಸನೆ ಇಲ್ಲದ ಮನೆಯಲ್ಲಿ ಒಳಗೆ ಕೂರಲಾಗದೆ ಜಗಲಿಯಲ್ಲಿ ಕೂತೆ.

ಬಾಗಿಲು ಹಾಕಿದರು. ತಿದಿ ಎಳೆಯಿತು. ಮತ್ತೆ ಅಮಾವಾಸ್ಯೆ ಬಂತು. ಬಾಗಿಲು ತೆಗೆದರು. ಕೋಣೆಯವಳು ಒಂದು ಚೂರು ಕೆರೆದಳು. ಹಾಲಿಗೆ ಹಾಕಿದಳು. ಐಸಿನ ಪಕ್ಕ ಇಟ್ಟಳು. ಬಗ್ಗಿದಳು.

"ಅಕ್ಕಾ, ಇದ್ದೀಯಾ?"

ನಮ್ಮವಳ ಹೆಪ್ಪು ಅಂತ ಅಕ್ಕಾ ಅಂದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಆಮೇಲೆ ನನ್ನ ಮುಖ ನೋಡಿದಳು. ಹಾಲು ಹಾಲಾಗಿಯೇ ಇದ್ದ ಬಟ್ಟಲನ್ನು ಬದಿಗೆ ಸರಿಸಿದಳು.

ಹೂ ಹಾಕಲು ಬಂದರು. ಬೇಡ ಅಂದೆ. ಕುಡಿಕೆ ಎದೆಗವಚಿಕೊಂಡು ಮನೆಗೆ ಬಂದೆ.

ಸಂಜೆಯಾಯಿತು. ಹಾಲು ಕಾಯಿಸಿದೆ. ಯಾಕೆ ಕಾಯಿಸಿದೆ ಅಂದರೆ, ಸಂಜೆಯಾಗಿತ್ತು. ಆರಿಸಿದೆ. ಕಿರುಬೆರಳು ಅದ್ದಿದೆ. ಉಗುರುಬೆಚ್ಚಗಿತ್ತು. ಆ ಒಣಚಕ್ಕೆಯಲ್ಲಿ ಒಂದು ಚೂರು ಪುಡಿ ಮಾಡಿ ಹಾಕಿದೆ. ಮುಚ್ಚಿದೆ. ಚಳಿಯಲ್ಲಿ ಇದ್ದು ಬಂದದ್ದಲ್ಲ ಅಂತ ನನ್ನ ಕಂಬಳಿ ಹೊದಿಸಿದೆ. ಒಲೆಯ ಪಕ್ಕ ಇಟ್ಟೆ. ನಾನು ಬರೀ ನೆಲದ ಮೇಲೆ ಮಲಗಿದೆ.

ಬೆಳಿಗ್ಗೆ ಎದ್ದಾಗ ಮನೆ ತುಂಬ ಹುಳಿ ವಾಸನೆ.

ಮುಚ್ಚಳ ತೆಗೆದೆ. ಗಟ್ಟಿಯಾಗಿ ಕೂತಿತ್ತು. ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟೆ. ಎಡಗಣ್ಣು ಮುಚ್ಚಿಕೊಂಡಿತು. ಕುಣಿದೆ. ನನ್ನ ವಯಸ್ಸಿನವರು ಕುಣಿಯಬಾರದು. ಸೊಂಟ ಹಿಡಿಯಿತು. ಸೊಂಟ ಹಿಡಿದುಕೊಂಡೇ ಇನ್ನೊಂದು ಸುತ್ತು ಕುಣಿದೆ.

ಆಮೇಲೆ ಕೂತೆ. ನನಗೊಬ್ಬನಿಗೇ ಗೊತ್ತಿರುವ ವಿಷಯ ಇದು. ಸತ್ತವರನ್ನು ಕೆಂಪು ಚುಕ್ಕೆಗೆ ಕಳಿಸುವುದಿಲ್ಲ. ಬದುಕಿದವರನ್ನು ಕಳಿಸುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಮೊಸರು ನನ್ನದು. ಕಿಟಕಿ ಹಾಕಿದೆ. ವಾಸನೆ ಹೊರಗೆ ಹೋಗದಂತೆ ಬಾಗಿಲ ಸಂದಿಗೆ ಪಂಚೆ ತುರುಕಿದೆ.

ದೀಪ ಹಚ್ಚುವ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಪಕ್ಕದ ಮನೆಯವಳು. ಕೈಯಲ್ಲಿ ಬಟ್ಟಲು.

"ಅಣ್ಣಾ, ತಪ್ಪು ತಿಳ್ಕೋಬೇಡ. ಗೋಡೆಯಾಚೆಯಿಂದ ವಾಸನೆ ಬಂತು. ನಮ್ಮನೆಯವ್ರು ನಿನ್ನೆಯಿಂದ ಎಲೆ ಮುಂದೇನೇ ಕೂತವ್ರೆ. ಏಳ್ತಾನೇ ಇಲ್ಲ. ಒಂದು ಚೂರು ಹೆಪ್ಪು ಇದ್ಯಾ?"

ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ. ಮನೆಯ ಲಕ್ಷ್ಮಿ ಹೋಗುತ್ತಾಳೆ ಅನ್ನುತ್ತಾರೆ. ಅದನ್ನೇ ಹೇಳಿಬಿಡಬಹುದಿತ್ತು. ಆದರೆ ನಮ್ಮವಳು ದೀಪ ಹಚ್ಚಿದ ಮೇಲೂ ಕೊಡುತ್ತಿದ್ದಳು. "ಹಾಲಿಗೇನು ಹೊತ್ತು ಗೊತ್ತಾಗುತ್ತಾ, ತಗೊಂಡು ಹೋಗೇ" ಅನ್ನುತ್ತಿದ್ದಳು. ನಾನು ಬೇಡ ಅಂದರೆ ಒಂದು ಕಣ್ಣು ಮುಚ್ಚಿ ನನ್ನನ್ನು ಅಣಕಿಸುತ್ತಿದ್ದಳು.

ಬಟ್ಟಲಿಗೆ ಹಾಕಿದೆ. ಒಂದು ಚೂರು ಅಲ್ಲ. ಒಂದು ಸೌಟು.

"ಯಾರಿಗೂ ಹೇಳಬೇಡ ತಾಯಿ."

"ಛೆ, ನಾನ್ಯಾಕೆ ಹೇಳ್ಲಿ," ಅಂದಳು.

ಅವಳು ತಂಗಿಗೆ ಮಾತ್ರ ಹೇಳಿದಳು. ತಂಗಿ ನಾದಿನಿಗೆ ಮಾತ್ರ. ನಾದಿನಿ ಡಂಗುರದವನ ಹೆಂಡತಿಗೆ ಮಾತ್ರ. ಅವಳು ಗಂಡನಿಗೆ ಹೇಳಲೇ ಇಲ್ಲ. ಮೊಸರನ್ನ ಬಡಿಸಿದಳು ಅಷ್ಟೆ.

ಹುಣ್ಣಿಮೆ ಬರುವಷ್ಟರಲ್ಲಿ ಊರಿಗೆ ಊರೇ ಒಂದು ಕಣ್ಣು ಮುಚ್ಚಿಕೊಂಡು ಓಡಾಡುತ್ತಿತ್ತು. ಬೀದಿಯಲ್ಲಿ ಎದುರಾದವರೆಲ್ಲ ಒಬ್ಬರಿಗೊಬ್ಬರು ಕಣ್ಣು ಹೊಡೆದ ಹಾಗೆ ಕಾಣುತ್ತಿತ್ತು. ಇದರಿಂದ ಎರಡು ಜಗಳ, ಒಂದು ಮದುವೆ ಆಯಿತು. ತಮ್ಮವರೂ ಬದುಕಿರಬಹುದು ಅಂತ ಬೇವಿನ ಬುಡದ ಕುಡಿಕೆಗಳನ್ನು ಅಗೆದೂ ನೋಡಿದರು. ಇರುವೆ ಎಲ್ಲ ಮುಗಿಸಿತ್ತು.

ಯಜಮಾನರು ಬಂದರು. ಎಡಗಣ್ಣು ಮುಚ್ಚಿತ್ತು. ಬಲಗಣ್ಣಿನಿಂದ ನನ್ನನ್ನು ನೋಡಿದರು.

"ಬದುಕವ್ರೆ."

"ಹೌದು ಯಜಮಾನ್ರೆ."

"ಹಂಗಾದ್ರೆ ಹೋಗಬೇಕು."

"ಹೌದು."

"ಪೂರ್ತಿ."

ಡಂಗುರ ಹೊಡೆದರು. ಮೊಸರೆಲ್ಲ ಕೋಣೆಗೆ ತನ್ನಿ. ಜನ ಕೊಡ ತಂದರು, ಕುಡಿಕೆ ತಂದರು, ಬಟ್ಟಲು ತಂದರು. ಕೋಣೆಯವಳು ಬಾಗಿಲಲ್ಲಿ ನಿಂತಳು.

"ಇಷ್ಟೇನಾ? ಪೂರ್ತಿನಾ?"

ಪಕ್ಕದ ಮನೆಯವಳು ತಲೆ ಕೆರೆದುಕೊಂಡಳು. "ಬೆಳಿಗ್ಗೆ ಉಂಡದ್ದು ಹೊಟ್ಟೇಲಿದೆ."

"ಹಂಗಾದ್ರೆ ಹೊಟ್ಟೆ ಒಳಗೆ ಬರಲಿ."

ಅವಳು ಒಳಗೆ ಹೋದಳು. ಅವಳ ಗಂಡ ಹೋದ. ಡಂಗುರದವನು ಹೋದ. ನಾನೂ ಹೋದೆ. ಮೊಸರನ್ನ ನೆಕ್ಕಿದ ಬೆಕ್ಕು ಹೋಯಿತು. ಬೆಕ್ಕು ನೆಕ್ಕಿದ ಮರಿ ಹೋಯಿತು. ಪೈಲ್ವಾನ ಬರಲ್ಲ ಅಂದ. ಅವನ ಹೊಟ್ಟೆಯಲ್ಲಿ ಎಲ್ಲರಿಗಿಂತ ಹೆಚ್ಚಿತ್ತು. ತಳ್ಳಿದರು. ಕೊನೆಗೆ ಹೊರಗೆ ಯಜಮಾನರು ಒಬ್ಬರೇ ನಿಂತರು.

"ನಡೀರಿ," ಅವರು ಒಳಗಿದ್ದವರಿಗೆ ಅಂದರು. "ಪೂರ್ತಿ ಆಯ್ತು."

"ಆಗಿಲ್ಲ," ಕೋಣೆಯವಳು ಅಂದಳು. "ನಿಮ್ಮ ಗಡ್ಡದಲ್ಲಿ ಐತೆ."

ಯಜಮಾನರು ಗಡ್ಡ ಮುಟ್ಟಿ ನೋಡಿಕೊಂಡರು. ಇತ್ತು. ತಲೆ ತಗ್ಗಿಸಿ ಒಳಗೆ ಬಂದರು.

ಊರೆಲ್ಲ ಕೋಣೆಯಲ್ಲಿ. ಕೆಂಪು ಧೂಳು ಎದ್ದಿತು. ಒಬ್ಬ ಸೀನಿದ. ಎಲ್ಲರೂ ಸೀನಿದರು. ಐಸಿನ ಮೇಲೆ ಕೂತವರು ಎದ್ದರು. ಎದ್ದವರ ಕಾಲಡಿ ಬೆಕ್ಕು. ತಿದಿಯವನೂ ಒಳಗೇ ಇದ್ದ, ಹೊರಗಿಂದ ಗಾಳಿ ಎಳೆಯುವವರು ಯಾರೂ ಇರಲಿಲ್ಲ. ಆದರೂ ಉಸಿರು ಕಟ್ಟಿತು.

ಆ ಇಕ್ಕಟ್ಟಿನಲ್ಲಿ ಯಜಮಾನರ ಗಡ್ಡ ನನ್ನ ಕಿವಿಗೆ ತಾಗುತ್ತಿತ್ತು.

"ಏನಯ್ಯಾ ಮಾಡೋದು ಈಗ?" ಪಿಸುಗುಟ್ಟಿದರು. "ಅರ್ಧ ಇಲ್ಲಿ ಅರ್ಧ ಅಲ್ಲಿ ಇರಬಾರದು ಅಂತ ಕಟ್ಟಳೆ."

"ಯಜಮಾನ್ರೆ," ಅಂದೆ. "ನಮ್ಮವಳು ಹೋಗಿ ಆಯಿತು. ಆದರೆ ನೋಡಿ, ನಿಮ್ಮ ಗಡ್ಡದಲ್ಲಿದಾಳೆ."

ಅವರು ಗಡ್ಡವನ್ನು ಮೆಲ್ಲಗೆ ಹಿಡಿದುಕೊಂಡರು. ಆಮೇಲೆ ಜೋರಾಗಿ ಸೀನಿದರು. ಸೀನಿದ ಮೇಲೆ ಹೇಳಿದರು.

"ಪೂರ್ತಿ ಹೋಗೋಕೆ ಆಗದವರು ಆದಷ್ಟು ಹೋಗಲಿ. ಬಾಗಿಲು ತೆಗೀರಿ!"

ಹೀಗೆ ಕಟ್ಟಳೆಯ ಬಾಲ ಬಿದ್ದುಹೋಯಿತು.

ಒಂದು ಕುಡಿಕೆ ಮಾತ್ರ ಕಳಿಸುವುದು ಅಂತಾಯಿತು. ನಮ್ಮ ಮನೆಯಲ್ಲಿ ಉಳಿದಿದ್ದ ಒಣಚಕ್ಕೆಯದು. ತಿದಿಯವನು ಗಾಳಿ ತುಂಬಿಟ್ಟ ತೊಗಲಚೀಲ ತಂದ. ಅದಕ್ಕೆ ಕುಡಿಕೆ ಕಟ್ಟಿದರು. ಬಾಯಿ ಬಿಚ್ಚಿದರೆ ಬಾಣದ ಹಾಗೆ ಹೋಗುತ್ತದೆ ಅಂದ. ಊರೆಲ್ಲ ಬಯಲಿಗೆ ಬಂತು. ಸಂಜೆಯಾಗಿತ್ತು. ಕೆಂಪು ಚುಕ್ಕೆ ಆಗಲೇ ಬಂದು ನಿಂತಿತ್ತು.

ಮೇಲೆ ನೋಡುವಾತ ಕೆಮ್ಮಿದ.

"ಒಂದು ಮಾತು. ಚಕ್ಕೆ ಏನೋ ಹೋಗ್ತದೆ. ಆದ್ರೆ ಬೆಚ್ಚಗೆ ಹಾಲು ಸಿಕ್ಕದೆ ಅದು ಏಳಲ್ಲ. ಅಲ್ಲಿ ಹಾಲು ಕಾಯಿಸೋರು ಯಾರವ್ರೆ?"

ಒಬ್ಬರ ಮುಖ ಒಬ್ಬರು ನೋಡಿದರು.

ನಾನು ಚಾವಡಿಗೆ ಹೋದೆ. ನಮ್ಮವಳ ಗಂಟು ಬಿಚ್ಚಿದೆ. ಯಾರೂ ತಡೆಯಲಿಲ್ಲ. ಅವಳ ಚಪ್ಪಲಿ ತೆಗೆದೆ. ಒಂದನ್ನು ತಂದು ಕುಡಿಕೆಯ ಪಕ್ಕ ಕಟ್ಟಿದೆ.

"ಇದೇನಯ್ಯಾ, ಒಂದೇ ಕಾಲಿಂದು?" ಡಂಗುರದವನು ಕೇಳಿದ.

"ಇನ್ನೊಂದು ಮನೆ ಬಾಗಿಲಲ್ಲಿರಲಿ," ಅಂದೆ.

ತಿದಿಯವನು ಚೀಲದ ಬಾಯಿ ಬಿಚ್ಚಿದ. ಭಾರೀ ಕೆಟ್ಟ ಸದ್ದು ಮಾಡುತ್ತ ಅದು ಮೇಲಕ್ಕೆ ಹೋಯಿತು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಊರೆಲ್ಲ ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ಬಿಟ್ಟು, ಅದು ಕಾಣದಾಗುವವರೆಗೂ ನೋಡಿತು.

ನಾನು ಮನೆಗೆ ಬಂದೆ. ಉಳಿದ ಚಪ್ಪಲಿಯನ್ನು ಬಾಗಿಲಲ್ಲಿ ಇಟ್ಟೆ. ಹಾಲು ಕಾಯಿಸಿದೆ.